ಕೆಂಪು ಬಾಳೆಗೆ ಇನ್ನೊಂದಿಷ್ಟು ಕೆಂಪು

ಮನುಷ್ಯನಿಗೆ ಮಧ್ಯವಯಸ್ಸು ದಾಟುತ್ತಿದ್ದಂತೆ ಏನಾದರೊಂದು ಹವ್ಯಾಸ ಹತ್ತಿಕೊಳ್ಳುತ್ತದೆ. ತಾನಾಗಿ ಹತ್ತದಿದ್ದರೆ ಮನೆಯವರು ಹಚ್ಚುತ್ತಾರೆ, ಏಕೆಂದರೆ ಕೆಲಸವಿಲ್ಲದ ಗಂಡಸು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಲಹೆ ಕೊಡುವುದನ್ನು ಯಾವ ಹೆಂಗಸೂ ಬಹಳ ದಿನ ಸಹಿಸುವುದಿಲ್ಲ. ಕೆಲವರು ಮುಂಜಾನೆಯ ನಡಿಗೆಗೆ ಬೀಳುತ್ತಾರೆ, ಕೆಲವರು ಭಜನೆಗೆ. ನಮ್ಮ ಓಣಿಯ ಒಬ್ಬರು ಪಕ್ಕದ ಮನೆಯ ಕಾಂಪೌಂಡು ತಮ್ಮ ಜಾಗದೊಳಗೆ ಎಷ್ಟು ಬಂದಿದೆ ಎಂದು ಪ್ರತಿ ಭಾನುವಾರ ಟೇಪು ಹಿಡಿದು ಅಳೆಯುತ್ತಾರೆ. ನಾನು ಫೋಟೊಕ್ಕೆ ಬಿದ್ದೆ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನಿಗೂ ಕ್ಯಾಮರಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರಲಿಲ್ಲ. ಆದದ್ದು ಹೇಗೆಂಬುದನ್ನೂ, ಆ ಸಂಬಂಧದಿಂದ ಕಮಲಾಪುರದಲ್ಲಿರುವ ಇನ್ನೊಂದು ಹಳೆಯ ಸಂಬಂಧ ಹರಿದುಹೋಗುವುದು ಹೇಗೆ ಸ್ವಲ್ಪದರಲ್ಲಿ ತಪ್ಪಿತೆಂಬುದನ್ನೂ ಹೇಳಿಬಿಡುತ್ತೇನೆ.

ನಮ್ಮ ಕಲಬುರಗಿಯಲ್ಲಿ ಬೇರೆ ಯಾವುದಕ್ಕೆ ಬರ ಬಂದರೂ ಬೆಳಕಿಗೆ ಬಂದಿಲ್ಲ. ಬೇಸಿಗೆಯಲ್ಲಂತೂ ಅದು ಹಾಲಿನವನಿಗಿಂತ ಮೊದಲೇ ಬಂದು ಬಾಗಿಲು ಬಡಿಯುತ್ತದೆ. ಇಷ್ಟು ಬೆಳಕು ದಂಡವಾಗುತ್ತಿದೆಯಲ್ಲ ಎಂಬ ಒಂದೇ ಕಾರಣಕ್ಕೆ ನಾನು ಕ್ಯಾಮರಾ ಕೊಂಡೆ ಎಂದು ಮನೆಯಲ್ಲಿ ಹೇಳಿದ್ದೇನೆ. ಕೊಂಡ ಮೇಲೆ ಗೊತ್ತಾಯಿತು, ಕ್ಯಾಮರಾ ಒಂಟಿಯಾಗಿ ಬರುವುದಿಲ್ಲ. ಹೊಸ ಸೊಸೆಯ ಜೊತೆ ತವರಿನ ಬಳಗ ಬಂದ ಹಾಗೆ ಅದರ ಹಿಂದೆ ಚೀಲ, ಮೂರು ಕಾಲಿನ ಸ್ಟ್ಯಾಂಡು, ಲೆನ್ಸಿನ ಧೂಳು ಊದುವ ರಬ್ಬರಿನ ಬುರುಡೆ, ಕಣ್ಣೀರು ಒರೆಸಲೂ ಕೊಡದಂಥ ಮೃದುವಾದ ಬಟ್ಟೆ, ಕೊನೆಗೆ ಮೊಳದುದ್ದದ ಒಂದು ಲೆನ್ಸು ಎಲ್ಲವೂ ಬಂದು ಕಪಾಟಿನಲ್ಲಿ ಸೇರಿಕೊಂಡವು. ನನ್ನ ಹೆಂಡತಿ ಸುವರ್ಣಾ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ವಸ್ತುಗಳಿಗೆ ಅವುಗಳ ಯೋಗ್ಯತೆಗೆ ತಕ್ಕ ಹೆಸರಿಡುವುದು ಅವಳಿಗೆ ಹುಟ್ಟಿನಿಂದ ಬಂದ ಗುಣ. ಉದ್ದ ಲೆನ್ಸಿಗೆ 'ಒರಳಗುಂಡು' ಎಂದಳು. ಮೂರು ಕಾಲಿನ ಸ್ಟ್ಯಾಂಡಿಗೆ ಹೆಸರಿಡಲಿಲ್ಲ, ಕೆಲಸ ಕೊಟ್ಟಳು. ಆ ವರ್ಷ ನಮ್ಮ ಮಾಳಿಗೆಯ ಮೇಲೆ ಶಾವಿಗೆ ಒಣಗಿದ್ದು ಅದರ ಮೇಲೆಯೇ.

ಕ್ಯಾಮರಾ ಬಂದ ಮೇಲೆ ಗುಂಪು ಬೇಕಲ್ಲ. ಊರಿನ ಹವ್ಯಾಸಿಗಳ ಒಂದು ಮೊಬೈಲ್ ಗುಂಪಿಗೆ ಸೇರಿಕೊಂಡೆ. ಅದರಲ್ಲಿ ವಕೀಲರಿದ್ದರು, ಬಟ್ಟೆ ವ್ಯಾಪಾರಿಗಳಿದ್ದರು, ನನ್ನಂಥ ಮಾಸ್ತರರೂ ಇದ್ದರು. ಎಲ್ಲರ ಮೇಲೆ ಡಾಕ್ಟರ್ ಜೋಶಿಯವರು. ಅವರು ನಿವೃತ್ತ ದಂತವೈದ್ಯರು. ಆಯುಷ್ಯವಿಡೀ ಪರರ ಬಾಯೊಳಗೆ ದೀಪ ಬಿಟ್ಟು ನೋಡಿದವರಾದ್ದರಿಂದ ಬೆಳಕಿನ ವಿಷಯದಲ್ಲಿ ಅವರದೇ ಕೊನೆಯ ಮಾತು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವೆಲ್ಲ ಕೋಟೆಯಲ್ಲಿ ಸೇರುತ್ತಿದ್ದೆವು. ಒಳಗಿನ ಹಳೆಯ ಮಸೀದಿಯ ಕಮಾನುಗಳನ್ನು ನಾವು ನೋಡಿದಷ್ಟು ಸಲ ಅವುಗಳನ್ನು ಕಟ್ಟಿದವರೂ ನೋಡಿರಲಿಕ್ಕಿಲ್ಲ. ಕೆಲವೊಮ್ಮೆ ಹೊಲಗಳ ಫೋಟೊಕ್ಕೆಂದು ತಾಜಸುಲ್ತಾನಪುರದ ಕಡೆ ಹೋಗುವುದೂ ಇತ್ತು. ಅಲ್ಲಿ ಒಮ್ಮೆ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಬರುತ್ತಿದ್ದ ಒಬ್ಬರನ್ನು ಕಂಡು ನಾವೆಲ್ಲ ರಸ್ತೆಯ ಮೇಲೆ ಮೊಣಕಾಲೂರಿ ಕುಳಿತುಬಿಟ್ಟೆವು. ಅವರು ಗಾಬರಿಯಿಂದ ಬ್ರೇಕು ಹಾಕಿ, "ಏನ್ರೀ ಸಾಹೇಬ್ರ, ಸರ್ವೆ ಬಂದದೇನು? ನನ್ನ ಹೊಲದಾಗ ರೋಡ್ ಹಾಕ್ತೀರೇನು?" ಎಂದು ಕೇಳಿದರು. ಇಲ್ಲ ಇಲ್ಲ, ನಿಮ್ಮ ಫೋಟೊ ಎಂದೆವು. "ನನ್ನ ಫೋಟೊ ತಗೊಂಡು ಏನ್ ಮಾಡ್ತೀರಿ?" ಎಂದರು. ನಾವೆಲ್ಲ ವಕೀಲರ ಕಡೆ ನೋಡಿದೆವು. ವಕೀಲರು ತಮ್ಮ ಲೆನ್ಸು ಒರೆಸತೊಡಗಿದರು.

ಗುಂಪಿನ ನಡಾವಳಿ ಹೀಗಿತ್ತು. ಮಧ್ಯಾಹ್ನದೊಳಗೆ ಎಲ್ಲರೂ ತಮ್ಮ ತಮ್ಮ ಚಿತ್ರ ಹಾಕಬೇಕು, ಎಲ್ಲರೂ ಎಲ್ಲರನ್ನೂ ಹೊಗಳಬೇಕು. ಮದುವೆ ಮನೆಯ ಆಯಾರದ ಉಡುಗೊರೆಯ ಹಾಗೆ, ಕೊಟ್ಟವರಿಗೆ ತಿರುಗಿ ಕೊಡುವುದು. ಆದರೆ ನಾವು ನಿಜವಾಗಿ ಕಾಯುತ್ತಿದ್ದುದು ಡಾಕ್ಟರ ಮಾತಿಗೆ. ಉಳಿದವರಿಗೆ ಅವರು ಆಗಾಗ 'ವಾಹ್' ಎಂದು ಬರೆಯುತ್ತಿದ್ದರು. ನನ್ನ ಚಿತ್ರ ಬಂದರೆ ಮಾತ್ರ ತಪ್ಪದೆ ಬರುತ್ತಿದ್ದುದು ಎರಡೇ ಶಬ್ದ: "ಫಿಕ್ಕಾ ಅದ." ಬಣ್ಣ ಪೇಲವವಾಗಿದೆ, ಸಪ್ಪೆಯಾಗಿದೆ ಎಂದು ಅರ್ಥ. ಕಮಾನು ಫಿಕ್ಕಾ. ತೊಗರಿ ಹೊಲ ಫಿಕ್ಕಾ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಸೀರೆ ಅಂಗಡಿಯ ಮುಂದೆ ನಿಂತು, ಆಟೋಗಳಿಂದ ಜೀವ ಉಳಿಸಿಕೊಂಡು ತೆಗೆದ ಚಿತ್ರದಲ್ಲಿ ಜಗತ್ತಿನ ಎಲ್ಲ ಬಣ್ಣಗಳೂ ಇದ್ದವು, ಅದೂ ಫಿಕ್ಕಾ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, ಹಲ್ಲು ಕೀಳುವ ಮೊದಲು ಧೈರ್ಯ ಹೇಳುವ ದನಿಯಲ್ಲಿ, "ಪಾಟೀಲ್ ಸರ್, ಕ್ಯಾಮರಾ ಬರೇ ಕಾಯಿಪಲ್ಯ ತಂದು ಕೊಡ್ತದ್ರೀ. ಅಡಗಿ ಕಂಪ್ಯೂಟರದಾಗ ಮಾಡಬೇಕು" ಎಂದರು.

ಅಂದಿನಿಂದ ನಾನು ಅಡುಗೆಗೆ ಇಳಿದೆ. ಚಿತ್ರ ತಿದ್ದುವ ಆ ತಂತ್ರಾಂಶವನ್ನು ನೀವು ನೋಡಿರಬಹುದು. ಸಾಲಾಗಿ ಗೆರೆಗಳು, ಪ್ರತಿ ಗೆರೆಯ ನಡುವೆ, ಸೊನ್ನೆಯ ಮೇಲೆ, ಒಂದು ಚುಕ್ಕಿ. ಚುಕ್ಕಿಯನ್ನು ಬಲಕ್ಕೆ ಎಳೆದರೆ ಬಣ್ಣ ಏರುತ್ತದೆ, ಎಡಕ್ಕೆ ಎಳೆದರೆ ಇಳಿಯುತ್ತದೆ. ಎಡಕ್ಕೆ ಎಳೆದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಬಲಕ್ಕೆ ಎಳೆಯುವುದರಲ್ಲಿ ಎಂಥದೋ ಒಂದು ಸುಖವಿದೆ. ತಲೆಗೆ ಎಣ್ಣೆ ಹಚ್ಚಿಸಿಕೊಂಡ ಹಾಗೆ ಕಣ್ಣು ತಾನಾಗಿ ಅರೆಮುಚ್ಚುತ್ತದೆ. ಕೆಲವೇ ವಾರಗಳಲ್ಲಿ ನಾನು ಕೋಟೆಯ ಮೇಲಿನ ಸುಡುಬಿಸಿಲಿನ ಆಕಾಶವನ್ನು ತೆಗೆದುಹಾಕಿ ಅಲ್ಲಿ ದಟ್ಟ ಮೋಡ ಕೂಡಿಸುವಷ್ಟು ಪಳಗಿದೆ. ಆ ಚಿತ್ರ ನೋಡಿದ ಬಟ್ಟೆ ವ್ಯಾಪಾರಿಯೊಬ್ಬರು, "ಸರ್, ಈ ಮಾಡ ನಿನ್ನೆ ಎಲ್ಲಿತ್ರೀ? ನಾವೂ ಅಲ್ಲೇ ಇದ್ದಿವಿ, ಟೊಪ್ಪಿಗಿ ಹಾಕ್ಕೊಂಡು ಸಾಯಾಕತ್ತಿದ್ದಿವಿ" ಎಂದು ಬರೆದರು. ಆಮೇಲೆ ಸುವರ್ಣಾಳ ಶಾಲೆಯ ಸಮಾರಂಭದ ಚಿತ್ರವನ್ನು ಕೈಗೆತ್ತಿಕೊಂಡೆ. ಪ್ರೀತಿಯಿಂದಲೇ, ಅವಳ ಮುಖದ ಗೆರೆಗಳನ್ನೆಲ್ಲ ಇಸ್ತ್ರಿ ಮಾಡಿದೆ. ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು.

"ಇಕಿ ಯಾರ್ರೀ?"

"ನೀನೇ ಅಲ್ಲೇನು?"

"ನಾ ಆದ್ರ ಗದ್ದದ ಮ್ಯಾಲಿನ ಮಚ್ಚಿ ಎಲ್ಲಿ ಹೋತು? ಜಾತ್ರ್ಯಾಗ ಕಳದ್ರ ಗುರ್ತಿಗಿರಲಿ ಅಂತ ನಮ್ಮವ್ವ ಅದನ್ನೇ ನೋಡಿ ಇಟ್ಟಿದ್ಳು. ಈಗ ನಾ ಕಳದೇ ಹೋದೆ ಬಿಡ್ರಿ" ಎಂದು ಒಳಗೆ ಹೋದಳು. ಮಚ್ಚೆಯನ್ನು ತಿರುಗಿ ತಂದು ಕೂಡಿಸಿದೆ, ಆದರೆ ಅದು ಹೇಗೋ ಎಡದಿಂದ ಬಲಕ್ಕೆ ಬಂದು ಕುಳಿತಿತ್ತು. ಅವಳಿಗೆ ತೋರಿಸಲಿಲ್ಲ.

ಈಗ ಕಮಲಾಪುರಕ್ಕೆ ಬರುತ್ತೇನೆ. ಸುವರ್ಣಾಳ ತಮ್ಮ ಶರಣು ಅಲ್ಲಿ ಬಾಳೆ ಬೆಳೆಯುತ್ತಾನೆ. ನನ್ನನ್ನು ಮಾಮಾ ಎಂದು ಕರೆಯುತ್ತಾನೆ. ಮನೆಗೆ ಬಂದರೆ ಬರಿಗೈಯಲ್ಲಿ ಬಂದವನಲ್ಲ, ನಾನು ಹೋದರೆ ಊಟ ಮಾಡದೆ ಕಳಿಸಿದವನಲ್ಲ. ಕಮಲಾಪುರದ ಕೆಂಪು ಬಾಳೆ ನಮ್ಮ ಕಡೆ ಹೆಸರಾದ ಹಣ್ಣು. ಹೆಸರಿಗೆ ಕೆಂಪು ಎಂದರೂ ಅದು ಅಂಥಿಂಥ ಕೆಂಪಲ್ಲ; ನೀರೊಲೆಯ ಮೇಲೆ ಕಾದು ಕಾದು ಹದವಾದ ತಾಮ್ರದ ಹಂಡೆಯ ಬಣ್ಣ, ಅಲ್ಲಲ್ಲಿ ಸ್ವಲ್ಪ ಇಟ್ಟಿಗೆ, ತೊಟ್ಟಿನ ಹತ್ತಿರ ನಾಚಿಕೊಂಡಂತೆ ಒಂದಿಷ್ಟು ಹಸಿರು. ಒಂದು ರಜೆಯ ದಿನ ಅವನ ತೋಟಕ್ಕೆ ಹೋದಾಗ ಒಂದು ದೊಡ್ಡ ಗೊನೆಯ ಕೆಳಗೆ ಅವನನ್ನು ನಿಲ್ಲಿಸಿ, ಗೊನೆಯ ಮೇಲೆ ಅವನ ಕೈ ಮಾತ್ರ ಕಾಣುವ ಹಾಗೆ ಒಂದು ಚಿತ್ರ ತೆಗೆದೆ. ಶರಣು ಕೈ ತೊಳೆದುಕೊಂಡು, ಬೆರಳಿನ ಬೆಳ್ಳಿ ಉಂಗುರ ಒರೆಸಿಕೊಂಡು ಬಂದು ಹಿಡಿದಿದ್ದ. ಮನೆಗೆ ಬಂದು ನೋಡಿದರೆ ತೋಟದೊಳಗಿನ ನೆರಳಿನಿಂದಾಗಿ ಹಣ್ಣು ಮಂಕಾಗಿ ಕಂಡಿತು. ಡಾಕ್ಟರ ಎರಡು ಶಬ್ದಗಳು ಅವರು ಬರೆಯುವ ಮೊದಲೇ ನನ್ನ ಕಿವಿಯಲ್ಲಿ ಕೇಳಿಸಿದವು. ಚುಕ್ಕಿಯನ್ನು ಹಿಡಿದೆ. ಮೊದಲು ಸ್ವಲ್ಪ ಎಳೆದೆ, ಹಣ್ಣು ಕುಂಕುಮಕ್ಕೆ ಬಂತು. ಇನ್ನೂ ಸ್ವಲ್ಪ ಎಳೆದೆ, ಮದುವೆಗೆ ಕೊಟ್ಟ ಹೊಸ ಮೋಟರ್ ಸೈಕಲ್ಲಿನ ಟ್ಯಾಂಕಿನ ಹಾಗೆ ಹೊಳೆಯಿತು. ಚಹಾ ತಂದ ಸುವರ್ಣಾ ಬಗ್ಗಿ ನೋಡಿ, "ಇದು ಬಾಳಿಹಣ್ಣೋ, ಬ್ಯಾಡಗಿ ಮೆಣಸಿನಕಾಯಿನೋ?" ಎಂದಳು. ಕಲೆ ಗೊತ್ತಿಲ್ಲದವರ ಮಾತಿಗೆ ಬೆಲೆ ಕೊಡಬಾರದೆಂದು ನಾನು ಚಿತ್ರವನ್ನು ಗುಂಪಿಗೆ ಕಳಿಸಿಬಿಟ್ಟೆ.

ಡಾಕ್ಟರು ಬರೆದರು: "ವಾಹ್! ಇದಕ್ಕ ಅಂತಾರ ಬಣ್ಣ."

ಆ ಮಧ್ಯಾಹ್ನ ನಾನು ಅನ್ನಕ್ಕೆ ಸಾರು ಕಲಸಿಕೊಳ್ಳುವುದನ್ನೂ ಮರೆತು ಬರೀ ಅನ್ನ ಉಂಡೆನಂತೆ, ಸುವರ್ಣಾ ಹೇಳುತ್ತಾಳೆ. ಗುಂಪಿನವರು ಒಬ್ಬರಾದ ಮೇಲೆ ಒಬ್ಬರು ಹೊಗಳಿದರು. ಚಿತ್ರ ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಹಾರಿ, ಸಂಜೆಯ ಹೊತ್ತಿಗೆ ಕಮಲಾಪುರಕ್ಕೂ ಮುಟ್ಟಿತು. ಶರಣು ಫೋನ್ ಮಾಡಿ, "ಮಾಮಾ, ನಮ್ಮ ಗೊನಿ ಸಿನಿಮಾ ಹೀರೋಯಿನ್ ಕಂಡಂಗ ಕಾಣಾಕತ್ತದಲ್ರೀ!" ಎಂದು ಖುಷಿಪಟ್ಟು, ಅದನ್ನು ತನ್ನ ಸ್ಟೇಟಸ್ಸಿನಲ್ಲಿ ಹಾಕಿಕೊಂಡ. ಕೆಳಗೆ ತನ್ನ ಫೋನ್ ನಂಬರು, 'ಕಮಲಾಪುರದ ಅಸಲಿ ಕೆಂಪು ಬಾಳೆ' ಎಂಬ ಒಕ್ಕಣೆ. ಮೈದುನನಿಗೂ ಉಪಯೋಗವಾಯಿತು, ನನಗೂ ಕೀರ್ತಿ ಬಂತು ಎಂದು ನಾನು ಕೆಲವು ದಿನ ಬಹಳ ನೆಮ್ಮದಿಯಿಂದ ಇದ್ದೆ.

ಒಂದು ದಿನ ಕಾಲೇಜು ಮುಗಿಸಿ ಮನೆಗೆ ಬಂದು ಕುಳಿತಿದ್ದೆ. ಶರಣುವಿನ ಫೋನು ಬಂತು. "ಮಾಮಾ, ಎಲ್ಲಿದ್ದೀರಿ? ಕ್ಯಾಮರಾ ತಗೊಂಡು ಈಗಿಂದೀಗ ಬರ್ರಿ" ಎಂದವನೇ ಇಟ್ಟುಬಿಟ್ಟ. ನಾನು ಏನೆಂದು ತಿಳಿಯಬೇಕು? ಇನ್ನೊಂದು ಗೊನೆ ಹಣ್ಣಿಗೆ ಬಂದಿರಬೇಕು, ಇನ್ನೊಂದು ಚಿತ್ರ ಬೇಕಾಗಿರಬೇಕು ಎಂದುಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೆ. ಚೀಲ, ಸ್ಟ್ಯಾಂಡು, ಒರಳಗುಂಡು ಎಲ್ಲವನ್ನೂ ಕಾರಿನಲ್ಲಿ ತುಂಬಿದೆ. ಸುವರ್ಣಾ ಮಾತ್ರ, "ಅವನ ದನಿ ಫೋಟೊ ಕೇಳೋರ ದನಿ ಇರಲಿಲ್ರೀ" ಎನ್ನುತ್ತ ತಾನೂ ಹತ್ತಿದಳು. ಹುಮನಾಬಾದ್ ರಸ್ತೆಯುದ್ದಕ್ಕೂ ನಾನು ಅವಳಿಗೆ ಸಂಜೆಯ ಓರೆ ಬೆಳಕಿನ ಮಹತ್ವ ವಿವರಿಸುತ್ತ ಹೋದೆ.

ತೋಟದ ಮುಂದಿನ ತಗಡಿನ ನೆರಳಿನಲ್ಲಿ ಜನ ಕೂಡಿದ್ದರು. ನೆಲದ ಮೇಲೆ ಬಾಳೆಲೆ ಹಾಸಿ, ಕೊಯ್ದ ಗೊನೆಗಳನ್ನು ಸಾಲಾಗಿ ಮಲಗಿಸಿದ್ದರು. ಪಕ್ಕದಲ್ಲಿ ಒಂದು ಸಣ್ಣ ಲಾರಿ ನಿಂತಿತ್ತು. ನಡುವೆ ಒಂದು ಕುರ್ಚಿಯ ಮೇಲೆ, ಕೈಯಲ್ಲಿ ಮೊಬೈಲು ಹಿಡಿದು, ಹೈದರಾಬಾದಿನ ಇಲಿಯಾಸ್ ಭಾಯಿ ಕುಳಿತಿದ್ದರು. ಮದುವೆ ಮಂಟಪ ಅಲಂಕರಿಸುವುದು ಅವರ ಉದ್ಯೋಗ. ಯಾವುದೋ ದೊಡ್ಡ ಮನೆಯ ಮದುವೆಗೆ ಬಾಗಿಲ ಕಮಾನನ್ನೂ ಹಣ್ಣಿನ ಮೇಜನ್ನೂ ಕೆಂಪು ಬಾಳೆಯಿಂದಲೇ ಸಿಂಗರಿಸುವುದಾಗಿ ಒಪ್ಪಿಕೊಂಡಿದ್ದರು. ಮದುಮಗಳ ತಾಯಿ ಮೆಚ್ಚಿ ಆರಿಸಿದ್ದು ಶರಣುವಿನ ನಂಬರಿದ್ದ ನನ್ನ ಚಿತ್ರವನ್ನು. ಮರುದಿನವೇ ಮದುವೆ. ಇಲಿಯಾಸ್ ಭಾಯಿಗೆ ನಮ್ಮ ಕಡೆಯ ಓಡಾಟದಿಂದ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಅವರು ಎದ್ದು ನಿಂತು, ಮೊಬೈಲನ್ನು ಒಂದು ಗೊನೆಯ ಪಕ್ಕದಲ್ಲಿ ಹಿಡಿದು, ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದರು:

"ದೇಖೋ ಸಾಬ್. ಇದು ಫೋಟೊ. ಇದು ಹಣ್ಣು. ಇವರಿಬ್ಬರದು ಏನರೆ ರಿಶ್ತೇದಾರಿ ಅದ ಏನ್ರೀ?"

ನಾನು ನೋಡಿದೆ. ಒಂದು ಸಂಬಂಧವೂ ಕಾಣಲಿಲ್ಲ. ಮಾದರಿ ತೋರಿಸಿ ಮಾರಿದ ಸರಕು ಮಾದರಿಯಂತೆಯೇ ಇರತಕ್ಕದ್ದು ಎಂಬ ನಿಯಮವನ್ನು ಪ್ರತಿ ವರ್ಷ ಹುಡುಗರಿಗೆ ಉರು ಹೊಡೆಸುವವನು ನಾನು. ಪರೀಕ್ಷೆಯಲ್ಲಿ ಅದಕ್ಕೊಂದು ಉದಾಹರಣೆ ಬರೆಯಿರಿ ಎಂದೂ ಕೇಳುತ್ತೇನೆ. ಆ ಉದಾಹರಣೆ ಹೀಗೆ ಬಾಳೆಲೆಯ ಮೇಲೆ ಸಾಲಾಗಿ ಮಲಗಿ ನನ್ನನ್ನೇ ನೋಡುತ್ತದೆ ಎಂದುಕೊಂಡಿರಲಿಲ್ಲ.

ಸಂಗತಿ ಅಷ್ಟಕ್ಕೇ ನಿಂತಿದ್ದರೆ ಒಂದು ವ್ಯಾಪಾರ ಮುರಿದಂತಾಗುತ್ತಿತ್ತು, ಅಷ್ಟೆ. ಆದರೆ ನಾವು ಬರುವ ಮೊದಲೇ ಮಾತು ಬೇರೆ ದಿಕ್ಕಿಗೆ ಹೊರಳಿತ್ತು. ಇಲಿಯಾಸ್ ಭಾಯಿಯ ಲೆಕ್ಕದಲ್ಲಿ ಇದಕ್ಕೆ ಎರಡೇ ಅರ್ಥ: ಒಂದೋ ಚಿತ್ರದಲ್ಲಿರುವುದು ಬೇರೆಯವರ ತೋಟದ ಮಾಲು, ಇಲ್ಲವೇ ಶರಣು ಗೊನೆಗೆ ಬಣ್ಣ ಹೊಡೆದು ಚಿತ್ರ ತೆಗೆಸಿದ್ದಾನೆ. "ಮದುವ್ಯಾಗ ಮಂದಿ ಹಣ್ಣು ತಿಂತಾರ್ರೀ. ಕೈಗಿ ರಂಗ್ ಹತ್ತಿದ್ರ ನನಗ ಯಾರು ಬಿಡ್ತಾರ?" ಎಂದರು. ಕೂಡಿದವರಲ್ಲಿ ಕೆಲವರು ಆಗಲೇ ಶರಣುವಿನ ಮುಖವನ್ನು ಬೇರೆ ಥರ ನೋಡತೊಡಗಿದ್ದರು. ಪಕ್ಕದ ತೋಟದ ಬಂಡೆಪ್ಪ ಎಂಬ ಹಿರಿಯರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಏನರೆ ಹೊಡದಿದ್ದೇನೋ ಶರಣು? ಹೊಡದಿದ್ರ ಹೇಳಿಬಿಡಪ. ನಾಳಿ ಎಲ್ಲರ ಮಾಲಿಗೂ ಹೆಸರು ಕೆಡ್ತದ" ಎಂದರು. ಹಣ್ಣಿನ ಊರಿನಲ್ಲಿ ಹಣ್ಣಿಗೆ ಬಣ್ಣ ಹಚ್ಚಿದ ಎನಿಸಿಕೊಳ್ಳುವುದೆಂದರೆ ಏನೆಂಬುದು ನನಗೆ ಶರಣುವಿನ ಮುಖ ನೋಡಿದಾಗ ತಿಳಿಯಿತು. ಅವನು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಹೆಗಲ ಮೇಲಿನ ಟವೆಲ್ಲಿನ ಅಂಚು ಹಿಂಡುತ್ತ ನಿಂತಿದ್ದ.

ನಾನು ಮುಂದೆ ಬಂದು ಹೇಳಿದೆ: "ಹಣ್ಣಿಗಿ ಯಾರೂ ಬಣ್ಣ ಹಚ್ಚಿಲ್ರಿ. ಫೋಟೊಕ್ಕ ಹಚ್ಚಿದ್ದದ. ಹಚ್ಚಿದಾಂವ ನಾನು."

ಇಷ್ಟು ಹೇಳಿದರೆ ಮುಗಿಯಿತು ಎಂದು ತಿಳಿದಿದ್ದೆ. ಯಾರೂ ನಂಬಲಿಲ್ಲ. ಬಂಡೆಪ್ಪನವರು ನನ್ನ ಬಿಳಿ ಅಂಗಿ, ಕನ್ನಡಕ ಎಲ್ಲವನ್ನೂ ನೋಡಿ, ಪಕ್ಕದವರಿಗೆ, "ಛಲೋ ಮನಶ್ಯಾರು ನೋಡು. ಮೈದುನನ ಮಾನ ಉಳಸಲಾಕ ತಮ್ಮ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾರ" ಎಂದರು. ಕೆಲವರು ತಲೆದೂಗಿದರು. ನಾನು ಚುಕ್ಕಿ, ಗೆರೆ, ಬಲಕ್ಕೆ ಎಳೆಯುವುದು ಎಲ್ಲವನ್ನೂ ವಿವರಿಸಿದೆ. ಇಲಿಯಾಸ್ ಭಾಯಿ ತಾಳ್ಮೆಯಿಂದ ಕೇಳಿ, "ಖರೇ ಇರಬಹುದು ಸಾಬ್. ಆದ್ರ ಇಷ್ಟು ಓದಿದವರು ಛಲೋ ಹಣ್ಣಿಗಿ ಯಾಕ ಬಣ್ಣ ಹಚ್ತೀರಿ? ಕಾರಣ ಬೇಕಲ್ಲ?" ಎಂದರು. ಡಾಕ್ಟರ್ ಜೋಶಿಯವರು ಫಿಕ್ಕಾ ಎನ್ನುತ್ತಾರೆ ಎಂಬ ಕಾರಣವನ್ನು ಆ ಜನರ ಮುಂದೆ ಹೇಳಲು ನಾಚಿ ಕನ್ನಡಕ ಒರೆಸತೊಡಗಿದೆ. ಆಗ ಸುವರ್ಣಾ ನನ್ನ ಕಿವಿಯ ಹತ್ತಿರ ಬಂದು, "ತಿದ್ದೂಕಿಂತ ಮೊದಲಿಂದು ಕ್ಯಾಮರಾದಾಗ ಇರ್ತದಲ್ರೀ? ತೋರಸ್ರಿ" ಎಂದಳು.

ಅದು ಉಳಿದಿದೆಯೋ ಇಲ್ಲವೋ ನನಗೇ ಖಾತ್ರಿ ಇರಲಿಲ್ಲ. ಏಕೆಂದರೆ ನನಗೊಂದು ಕೆಟ್ಟ ಚಾಳಿ ಇದೆ, ಮಂಕಾದ ಚಿತ್ರಗಳನ್ನು ಆಗಾಗ ಅಳಿಸಿಹಾಕುವುದು. ಕ್ಯಾಮರಾ ತೆಗೆದು, ಅದರ ಬೆನ್ನಿನ ಪರದೆಯ ಮೇಲೆ ಒಂದೊಂದಾಗಿ ಹಿಂದಕ್ಕೆ ಹೋಗತೊಡಗಿದೆ. ಎಲ್ಲರೂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದರು. ಕೋಟೆಯ ಕಮಾನು ಬಂತು. ಇನ್ನೊಂದು ಕಮಾನು. ಅದೇ ಕಮಾನು ಸ್ವಲ್ಪ ಎಡದಿಂದ. ಅದೇ ಕಮಾನು, ಡಾಕ್ಟರ ತಲೆಯೊಂದಿಗೆ. ಕಮಾನುಗಳು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಇಲಿಯಾಸ್ ಭಾಯಿ ಮೆಲ್ಲಗೆ, "ಮಸ್ಜಿದ್ ಬಹುತ್ ಅಚ್ಛಾ ಅದ ಸಾಬ್. ಲೇಕಿನ್ ಬಾಳಿಹಣ್ಣು?" ಎಂದರು. ಬ್ಯಾಟರಿಯ ಚಿಹ್ನೆ ಕೆಂಪಗೆ ಮಿನುಗಿತು. ಅದೊಂದೇ ಆ ಹೊತ್ತಿಗೆ ನನ್ನ ಚಿತ್ರದಷ್ಟು ಕೆಂಪಗಿದ್ದುದು. ಹುಲ್ಲಿನ ಹೊರೆಯ ಸೈಕಲ್ಲು ಬಂತು, ಸೂಪರ್ ಮಾರ್ಕೆಟ್ಟಿನ ಸೀರೆಗಳು ಬಂದವು, ಮಾಳಿಗೆಯ ಮೇಲೆ ಮಲಗಿದ್ದ ಬೆಕ್ಕು ಬಂತು, ಆಮೇಲೆ ತಟ್ಟನೆ ಹಸಿರು. ಗೊನೆ. ಗೊನೆಯ ಮೇಲೆ ಶರಣುವಿನ ಕೈ, ಬೆರಳಲ್ಲಿ ಬೆಳ್ಳಿಯ ಉಂಗುರ. ಎರಡೂ ಚಿತ್ರ ಒಂದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಇಲಿಯಾಸ್ ಭಾಯಿ ಕ್ಯಾಮರಾ ಇಸಿದುಕೊಂಡು ಹೋಗಿ ನೆಲದ ಮೇಲಿನ ಗೊನೆಯ ಪಕ್ಕ ಹಿಡಿದರು. ಅದೇ ತಾಮ್ರ, ಅದೇ ಇಟ್ಟಿಗೆ, ತೊಟ್ಟಿನ ಹತ್ತಿರ ಅದೇ ಹಸಿರು. ಪರದೆ ಎಲ್ಲಿ ಮುಗಿಯಿತು, ಹಣ್ಣು ಎಲ್ಲಿ ಸುರುವಾಯಿತು ಎಂದು ಹೇಳುವುದು ಕಷ್ಟವಾಗಿತ್ತು.

ಬಂಡೆಪ್ಪನವರು ಉಂಗುರವನ್ನೂ ಶರಣುವಿನ ಬೆರಳನ್ನೂ ಎರಡೆರಡು ಸಲ ನೋಡಿ, "ಹಂಗಾದ್ರ ಬಣ್ಣ ಹಚ್ಚಿದ್ದು ಇವರೇ ಖರೆ ಆತಲ್ಲಪ" ಎಂದು ನನ್ನ ಕಡೆ ತಿರುಗಿದರು. ಸ್ವಲ್ಪ ಹೊತ್ತಿನ ಹಿಂದೆ ನನಗೆ ದೊರೆತಿದ್ದ ಛಲೋ ಮನುಷ್ಯನ ಪದವಿ ಅಲ್ಲಿಗೆ ಹೋಯಿತು. ಇಲಿಯಾಸ್ ಭಾಯಿ ಒಂದು ಗೊನೆಯನ್ನು ಎತ್ತಿಸಿ, ಮೊಬೈಲಿನಲ್ಲಿ ಮದುಮಗಳ ತಾಯಿಗೆ ಮುಖಾಮುಖಿ ಕರೆ ಮಾಡಿ, ಹಣ್ಣನ್ನು ತೋರಿಸಿ, ಫೋಟೊದಲ್ಲಿದ್ದ ಬಣ್ಣ ಇದಲ್ಲ, ಅದು ಯಾರೋ ತಿದ್ದಿದ್ದು, ಬೇಡವಾದರೆ ಈಗಲೇ ಹೇಳಿಬಿಡಿ ಎಂದರು. ಆ ತಾಯಿ ನೋಡಿದರು, ಇನ್ನೂ ಹತ್ತಿರ ತರಿಸಿ ನೋಡಿದರು. ಆಮೇಲೆ, "ಯೇ ತೋ ಅಸಲಿ ದಿಕ್ರಾ ಭಾಯಿ! ಫೋಟೊ ವಾಲಾ ಪ್ಲಾಸ್ಟಿಕ್ ಕಾ ದಿಕ್ರಾ ಥಾ" ಎಂದರು. ಇದು ಅಸಲಿಯಾಗಿ ಕಾಣುತ್ತದೆ, ಫೋಟೊದ್ದು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತಿತ್ತು ಎಂದು ಅರ್ಥ. ಫೋಟೊ ನೋಡಿದಾಗಿನಿಂದ ಇವು ಪ್ಲಾಸ್ಟಿಕ್ಕಿನ ಹಣ್ಣಿರಬಹುದು ಎಂಬ ಅಳುಕು ಅವರಿಗಿತ್ತಂತೆ. ಗಂಡಿನ ಕಡೆಯವರು ತಿನ್ನಲು ಕೈ ಹಾಕಿದರೆ ಗತಿಯೇನೆಂದು ಚಿಂತೆಯಾಗಿತ್ತಂತೆ. ನಿಜವಾದ ಹಣ್ಣು ಎಂದು ಗೊತ್ತಾದದ್ದೇ ಅವರಿಗೆ ದೊಡ್ಡ ಸಂತೋಷ. ಲಾರಿಯ ಹಿಂಬಾಗಿಲು ತೆರೆಯಿತು.

ಜನ ಚದುರಿದ ಮೇಲೆ ಶರಣು ನನ್ನ ಹತ್ತಿರ ಬಂದ. ಬೈಯುತ್ತಾನೆ, ಬೈಯಲಿ ಎಂದು ತಯಾರಾಗಿ ನಿಂತೆ. ಅವನು ಗೊನೆಯ ಮೇಲೆ ಕೈಯಾಡಿಸುತ್ತ, "ಮಾಮಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಹಣ್ಣು ಇದ್ದಂಗ ಇದ್ರ ಛಲೋ ಕಾಣಸಂಗಿಲ್ಲೇನು?" ಎಂದ. ಅಷ್ಟೇ ಕೇಳಿದ್ದು. "ಕಾಣಸ್ತದೋ ಶರಣು, ಭಾಳ ಛಲೋ ಕಾಣಸ್ತದ. ನನ್ನ ಕಣ್ಣಿಗೇ ಸಾಕಾಗಲಿಲ್ಲ" ಎಂದೆ. ಅವನು ಒಂದು ಗಳಿಗೆ ನನ್ನನ್ನು ನೋಡಿ, "ಆತ ಬಿಡ್ರಿ. ಈಗ ಬರ್ರಿ, ಆ ಬಾಜು ಹಿಡೀರಿ" ಎಂದು ಗೊನೆಯ ಒಂದು ತುದಿ ನನಗೆ ಕೊಟ್ಟ. ಲಾರಿ ತುಂಬುವ ತನಕ ಗೊನೆ ಹೊತ್ತೆ. ಬಾಳೆಯ ಸೊನೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ನನ್ನ ಬಿಳಿ ಅಂಗಿಯ ಮೇಲೆ ಕಂದು ಕಲೆಗಳು ನಕಾಶೆ ಬಿಡಿಸಿದ್ದವು. ಊಟಕ್ಕೆ ಕುಳಿತಾಗ ಸುವರ್ಣಾ ಅದನ್ನು ನೋಡಿ, "ಈಗ ಎಳೀರಿ ನೋಡೋಣ ನಿಮ್ಮ ಚುಕ್ಕಿ" ಎಂದಳು. ಶರಣು ನಕ್ಕ. ಅವನು ನಕ್ಕ ಮೇಲೆ ನಾನು ಎರಡನೆಯ ರೊಟ್ಟಿಗೆ ಕೈ ಹಾಕಿದೆ.

ಕಲಬುರಗಿಗೆ ಬಂದವನೇ ನಿಶ್ಚಯ ಮಾಡಿದೆ, ಗುಂಪಿನಲ್ಲಿ ಎಲ್ಲವನ್ನೂ ಬರೆದುಬಿಡಬೇಕು. ಮೊದಲು ತಿದ್ದದ ಆ ಮೂಲ ಚಿತ್ರವನ್ನು ಹಾಕಿದೆ. ಅದರ ಕೆಳಗೆ ಆದದ್ದನ್ನೆಲ್ಲ ಬರೆಯತೊಡಗಿದೆ. ಬೆರಳಿನಿಂದ ಕನ್ನಡ ಬರೆಯುವುದರಲ್ಲಿ ನಾನು ನಿಧಾನ. ನನ್ನ ಬರಹದಲ್ಲಿ ಇಲಿಯಾಸ್ ಭಾಯಿ ಕುರ್ಚಿಯಿಂದ ಏಳುವಷ್ಟರಲ್ಲಿ ಡಾಕ್ಟರ್ ಜೋಶಿಯವರ ಸಂದೇಶ ಬಂದುಬಿಟ್ಟಿತು: "ಪಾಟೀಲ್ ಸರ್! ಈಗ ನೀವು ಎಡಿಟಿಂಗ್ ಕಲಿತ್ರಿ! ಹೋದ ಸಲದ್ದು ಸ್ವಲ್ಪ ಜಾಸ್ತಿ ಆಗಿತ್ತು, ನಾ ಹೇಳಿರಲಿಲ್ಲ. ಇದು ನೋಡ್ರಿ, ಎಷ್ಟು ನಾಜೂಕು! ಕೈ ಆಡ್ಸಿದ್ದು ಗೊತ್ತಽ ಆಗಂಗಿಲ್ಲ. ಭಾನುವಾರ ಕೋಟ್ಯಾಗ ಎಲ್ಲರಿಗೂ ಕಲಿಸ್ರಿ." ಹಿಂದೆಯೇ ವಕೀಲರು, ಬಟ್ಟೆ ವ್ಯಾಪಾರಿಗಳು, ಚಪ್ಪಾಳೆಗಳ ಸಾಲು. ನಾನು ಅರ್ಧ ಬರೆದ ನಿಜವನ್ನು ನೋಡಿದೆ. ಡಾಕ್ಟರ 'ನಾಜೂಕು' ಶಬ್ದವನ್ನು ನೋಡಿದೆ. ಪಕ್ಕದಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದ ಸುವರ್ಣಾ ನನ್ನನ್ನೇ ನೋಡುತ್ತಿದ್ದಳು. ಇಷ್ಟುದ್ದದ್ದನ್ನು ಮೊಬೈಲಿನಲ್ಲಿ ಬರೆಯುವುದು ಸರಿಯಲ್ಲ, ಭಾನುವಾರ ಎದುರಿಗೇ ಹೇಳಿದರಾಯಿತು ಎಂದು ಅವಳಿಗೆ ಹೇಳಿ, ಬರೆದದ್ದನ್ನು ಅಳಿಸಿದೆ. ಅವಳು ಬೇಳೆಯಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

ಭಾನುವಾರ ಕೋಟೆಗೆ ಹೋದೆ. ಮಸೀದಿಯ ಹತ್ತಿರದ ನೆರಳಿನಲ್ಲಿ ನನ್ನನ್ನು ನಿಲ್ಲಿಸಿ ಎಲ್ಲರೂ ಸುತ್ತ ಕುಳಿತರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರು, "ಮೊದಲು ಇದು ಹೇಳ್ರಿ ಸರ್, ಆ ಬಣ್ಣದ ಚುಕ್ಕಿ ಎಷ್ಟಕ್ಕಿಟ್ರಿ?" ಎಂದು ಕೇಳಿದರು.

"ಸೊನ್ನಿಗಿ" ಎಂದೆ. ಅದು ನಿಜವೇ ಆಗಿತ್ತು.

"ಸೊನ್ನಿಗಿ?" ಎಂದರು ವಕೀಲರು. "ಬೆಳಕು?" "ಅದೂ ಸೊನ್ನಿಗೇ." "ಅಷ್ಟಕ್ಕಽ ಇಷ್ಟು ಛಲೋ ಬರ್ತದೇನ್ರೀ?" ಎಂದರು ಬಟ್ಟೆ ವ್ಯಾಪಾರಿ. ನನ್ನ ಸುತ್ತ ಅಷ್ಟು ಜನ, ಎಲ್ಲರ ಕಣ್ಣಲ್ಲೂ ಭಕ್ತಿ. ಇಷ್ಟು ವರ್ಷ ಪಾಠ ಮಾಡಿದರೂ ನನ್ನ ತರಗತಿಯಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

"ಸೊನ್ನಿಗಿ ಬಂದು ನಿಲ್ಲಬೇಕಾದ್ರ" ಎಂದು ಗಂಟಲು ಸರಿಮಾಡಿಕೊಂಡೆ, "ಭಾಳ ಅಭ್ಯಾಸ ಬೇಕ್ರೀ."

ಡಾಕ್ಟರ್ ಜೋಶಿಯವರು ಕಿಸೆಯಿಂದ ಪೆನ್ನು ತೆಗೆದು ತಮ್ಮ ಅಂಗೈಯ ಮೇಲೆ ಒಂದು ದುಂಡನೆಯ ಸೊನ್ನೆ ಬರೆದುಕೊಂಡರು.